ಕಬ್ಬನ್ ಉದ್ಯಾನದ ಟೆನಿಸ್ ಅಂಗಳದಲ್ಲಿ ಒಂದು ದಿನ

ಬೆಂಗಳೂರಿಗೆ ಬಂದವರಲ್ಲಿ ಕಬ್ಬನ್ ಉದ್ಯಾನದ ನೆರಳನ್ನು ಕಾಣದವರು ವಿರಳ. ಆದರೆ 1870ರಲ್ಲಿ ರಿಚರ್ಡ್ ಸ್ಯಾಂಕಿಯವರು ರೂಪಿಸಿದ ಈ ವನದ ಒಂದು ಮಗ್ಗುಲಲ್ಲಿ, ಮೆಟ್ರೋ ನಿಲ್ದಾಣಕ್ಕೆ ಅನತಿದೂರದಲ್ಲಿ, ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣವಿರುವುದನ್ನು ಗಮನಿಸಿದವರು ಕಡಿಮೆ. 2025ರ ಬೆಂಗಳೂರು ಓಪನ್ ಪಂದ್ಯಾವಳಿಯ ಕಾಲದಲ್ಲಿ ಅಲ್ಲಿ ಒಂದು ಹಗಲನ್ನು ಕಳೆಯುವ ಸುಯೋಗ ನನಗೆ ಒದಗಿತ್ತು.

ಮೊದಲು ಮನಸ್ಸನ್ನು ಸೆಳೆದುದು ಅಲ್ಲಿಯ ಮೌನ. ಆಟಗಾರನು ಚೆಂಡನ್ನು ನೆಲಕ್ಕೆ ಪುಟಿಸತೊಡಗಿದೊಡನೆ ಪ್ರೇಕ್ಷಕರ ಮಾತು ನಿಲ್ಲುತ್ತದೆ. ಹಕ್ಕಿಗಳ ಕೂಗು, ರಸ್ತೆಯ ವಾಹನಗಳ ಮೊರೆತ, ಚೆಂಡಿನ ಸದ್ದು ಇಷ್ಟೇ ಕೇಳಿಬರುತ್ತವೆ. ಅಂಕವೊಂದು ಮುಗಿದ ಮೇಲೆಯೇ ಕರತಾಡನ. ನಮ್ಮ ಸಭೆ ಸಮಾರಂಭಗಳಲ್ಲಿ ಅಪರೂಪವಾಗುತ್ತಿರುವ ಈ ಸಂಯಮವನ್ನು ಸಣ್ಣ ಮಕ್ಕಳೂ ಅಲ್ಲಿ ಸಹಜವಾಗಿ ಪಾಲಿಸುತ್ತಿದ್ದರು.

ಈ ಆಟಕ್ಕೆ ಗಡಿಯಾರದ ಆಸರೆಯಿಲ್ಲ. ಎಷ್ಟೇ ಮುಂದಿದ್ದರೂ ಹೊತ್ತು ಕಳೆದು ಗೆಲ್ಲುವಂತಿಲ್ಲ. ಕೊನೆಯ ಅಂಕವನ್ನು ದುಡಿದೇ ಪಡೆಯಬೇಕು. ಸಿಂಗಲ್ಸ್‌ನ ಪ್ರಧಾನ ಸುತ್ತಿಗೆ ಇಳಿಯುವವರು 32 ಮಂದಿ. ಗೆಲ್ಲುವವನು ಒಬ್ಬ. ಉಳಿದ 31 ಮಂದಿಗೂ ಗೆಲುವು ಕೈತಪ್ಪುವುದು ನಿಶ್ಚಿತ.

ಇದು ವಿಂಬಲ್ಡನ್ನಿನಂಥ ವೈಭವದ ಪಂದ್ಯಾವಳಿಯಲ್ಲ; ಅಲ್ಲಿಗೆ ಏರಬಯಸುವವರು ಹತ್ತಬೇಕಾದ 'ಚಾಲೆಂಜರ್' ಎಂಬ ಮೆಟ್ಟಿಲು. ಇಲ್ಲಿ ಗಳಿಸಿದ ರ್‍ಯಾಂಕಿಂಗ್ ಅಂಕಗಳ ಆಯುಷ್ಯ 52 ವಾರ ಮಾತ್ರ. ವರ್ಷ ತುಂಬಿದೊಡನೆ ಅವು ಅಳಿದುಹೋಗುತ್ತವೆ; ಮತ್ತೆ ಹೊಸದಾಗಿ ಸಂಪಾದಿಸಬೇಕು. ವಿಮಾನದ ಖರ್ಚು, ತರಬೇತುದಾರನ ಸಂಬಳ ಮುಂತಾದವೆಲ್ಲ ಬಹುಮಟ್ಟಿಗೆ ಆಟಗಾರನದೇ ಹೊಣೆ.

ಇದೇ ಅಂಗಳದಲ್ಲಿ 2017ರಲ್ಲಿ ಪ್ರಶಸ್ತಿ ಗೆದ್ದ ಸುಮಿತ್ ನಾಗಲ್ ಅವರ ಕಥೆ ಇದಕ್ಕೆ ನಿದರ್ಶನ. 2019ರ ಅಮೆರಿಕನ್ ಓಪನ್ನಿನಲ್ಲಿ ಅವರು ರೋಜರ್ ಫೆಡರರ್ ವಿರುದ್ಧ ಮೊದಲ ಸೆಟ್ಟನ್ನೇ ಗೆದ್ದಿದ್ದರು. ಆದರೂ 2023ರಲ್ಲಿ, ಸಿಂಗಲ್ಸ್‌ನಲ್ಲಿ ಭಾರತದ ಅಗ್ರ ಆಟಗಾರರಾಗಿದ್ದಾಗ, ತಮ್ಮ ಬ್ಯಾಂಕಿನ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೋ ಮಾತ್ರವೆಂದು ಅವರೇ ಹೇಳಿಕೊಂಡರು. ಅದು ನಮ್ಮ ಲೆಕ್ಕದಲ್ಲಿ ಸುಮಾರು 80,000 ರೂಪಾಯಿ. ಅವರು ಆಟ ಬಿಡಲಿಲ್ಲ. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ನಿನ ಮೊದಲ ಸುತ್ತಿನಲ್ಲಿ ಶ್ರೇಯಾಂಕಿತ ಆಟಗಾರ ಬುಬ್ಲಿಕ್ ಅವರನ್ನು ಸೋಲಿಸಿದರು. ಅದೇ ವರ್ಷ ಜುಲೈನಲ್ಲಿ ವಿಶ್ವದ 68ನೆಯ ಸ್ಥಾನಕ್ಕೇರಿದರು.

ಆದರೆ ಇಂಥ ಏರಿಕೆ ಎಲ್ಲರಿಗೂ ದಕ್ಕುವುದಿಲ್ಲ. ಆ ದಿನ ಸೋತ ಯುವಕನೊಬ್ಬ ಬಲೆಯ ಬಳಿಗೆ ಬಂದು ಎದುರಾಳಿಯ ಕೈಕುಲುಕಿ, ಅಂಪೈರ್‌ಗೂ ಕೈನೀಡಿ, ತನ್ನ ಭಾರವಾದ ಚೀಲವನ್ನು ತಾನೇ ಹೊತ್ತು ಒಬ್ಬನೇ ಹೊರಟುಹೋದನು. ಅವನಿಗಾಗಿ ಚಪ್ಪಾಳೆ ತಟ್ಟಿದವರು ಹತ್ತಿಪ್ಪತ್ತು ಜನ. ಮುಂದಿನ ವಾರ ಮತ್ತಾವುದೋ ಊರಿನಲ್ಲಿ ಅವನು ಮೊದಲ ಸುತ್ತಿನಿಂದಲೇ ಆರಂಭಿಸಬೇಕು.

ಮಕ್ಕಳ ಕೈಗೆ ರ್‍ಯಾಕೆಟ್ ಕೊಟ್ಟು ಅವರ ಹೆಸರನ್ನು ಪತ್ರಿಕೆಗಳಲ್ಲಿ ಕಾಣಬಯಸುವ ತಂದೆತಾಯಿಗಳು ಇಂದು ಅನೇಕರಿದ್ದಾರೆ. ಆ ಆಸೆ ತಪ್ಪಲ್ಲ. ಆದರೆ ದೂರದರ್ಶನದ ಅಂತಿಮ ಪಂದ್ಯವನ್ನಷ್ಟೇ ತೋರಿಸಿದರೆ ಮಗುವಿಗೆ ಕಾಣುವುದು ಬೆಳ್ಳಿಯ ಬಟ್ಟಲು ಮಾತ್ರ. ಚಾಲೆಂಜರ್‌ನ ಮೊದಲ ಸುತ್ತಿನ ಒಂದು ದಿನ ಮಕ್ಕಳೊಡನೆ ಹೋಗಿ ಕುಳಿತು ಬನ್ನಿ. ಇಷ್ಟು ದುಡಿದೂ ಸೋಲಬಹುದೆಂಬುದನ್ನು ಕಣ್ಣಾರೆ ಕಂಡ ಮೇಲೂ ಮಗು ಆಡುವೆನೆಂದರೆ, ಆಗ ಧೈರ್ಯವಾಗಿ ಆಡಗೊಡಿ.