ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೆ?

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ರೋಗಿಯನ್ನು ಕಂಡು ಮಾತನಾಡಿಸುವುದು ನನ್ನಂಥ ಅರಿವಳಿಕೆ ವೈದ್ಯರ ಪರಿಪಾಠ. ಹಲ್ಲು ಅಲ್ಲಾಡುತ್ತದೆಯೆ, ದಮ್ಮು ಇದೆಯೆ, ಯಾವ ಮಾತ್ರೆ ನುಂಗುತ್ತೀರಿ ಎಂಬುದಕ್ಕೆಲ್ಲ ತಂದೆತಾಯಿಗಳು ತಾಳ್ಮೆಯಿಂದ ಉತ್ತರಿಸುತ್ತಾರೆ. 'ನಿಮ್ಮ ಮನೆತನದಲ್ಲಿ ಆಪರೇಷನ್ ಹೊತ್ತಿನಲ್ಲಿ ಯಾರಾದರೂ ತೀರಿಕೊಂಡದ್ದುಂಟೆ?' ಎಂದಾಗ ಮಾತ್ರ ಹುಬ್ಬು ಗಂಟಿಕ್ಕುತ್ತದೆ. 'ಬಿಡ್ತು ಅನ್ನಿ ಡಾಕ್ಟ್ರೇ' ಎಂದವರೂ ಇದ್ದಾರೆ.

ಈ ಪ್ರಶ್ನೆಯ ಹಿಂದೊಂದು ಕತೆಯಿದೆ. ಕಾಲು ಮುರಿದುಕೊಂಡು ಆಸ್ಟ್ರೇಲಿಯದ ಮೆಲ್ಬೋರ್ನ್ ಆಸ್ಪತ್ರೆಗೆ ಬಂದ 21 ವರ್ಷದ ಯುವಕನೊಬ್ಬನಿಗೆ ಕಾಲಿನ ಚಿಂತೆಗಿಂತ ಅರಿವಳಿಕೆಯ ದಿಗಿಲೇ ಹೆಚ್ಚಾಗಿತ್ತು. ಅವನ ಬಂಧುಗಳಲ್ಲಿ 10 ಮಂದಿ ಈಥರ್ ಕೊಟ್ಟಾಗ ಸತ್ತಿದ್ದರು. ವೈದ್ಯರು ಈಥರ್ ಬಿಟ್ಟು, ಆಗಿನ್ನೂ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮೈ ಕಾದು, ನಾಡಿ ಓಡತೊಡಗಿ, ರಕ್ತದೊತ್ತಡ ಕುಸಿಯಿತು. ಅರಿವಳಿಕೆ ನಿಲ್ಲಿಸಿ, ಮೈಸುತ್ತ ಮಂಜುಗಡ್ಡೆ ಇಟ್ಟು ಅವನನ್ನು ಉಳಿಸಿಕೊಂಡರು. ಡೆನ್‌ಬರೋ ಮತ್ತು ಲೋವೆಲ್ ಎಂಬ ವೈದ್ಯರು 1960ರಲ್ಲಿ ಇದನ್ನು 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು. ಮುಂದೆ ಇದಕ್ಕೆ ಮೆಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಹೆಸರು ನಿಂತಿತು. ಹೆಸರು ಕೇಳಿ ಕ್ಯಾನ್ಸರ್ ಎಂದು ಗಾಬರಿಯಾಗಬೇಡಿ. ಮಾರಕವಾದ ಮೈಕಾವು ಎಂದಷ್ಟೇ ಅರ್ಥ.

ನಮ್ಮ ಸ್ನಾಯುಗಳ ಜೀವಕೋಶದಲ್ಲಿ ಕ್ಯಾಲ್ಸಿಯಂ ತುಂಬಿದ ಪುಟ್ಟ ಚೀಲಗಳಿವೆ. ಅವುಗಳ ಬಾಗಿಲು ತೆರೆದರೆ ಸ್ನಾಯು ಬಿಗಿಯುತ್ತದೆ, ಕ್ಯಾಲ್ಸಿಯಂ ಹಿಂತಿರುಗಿದರೆ ಸಡಿಲುತ್ತದೆ. ಕೆಲವು ಮನೆತನಗಳಲ್ಲಿ ಈ ಬಾಗಿಲಿನಲ್ಲೇ ಹುಟ್ಟಿನಿಂದ ದೋಷವಿರುತ್ತದೆ. ಆದರೂ ಹುಡುಗ ಸಾಮಾನ್ಯವಾಗಿ ಎಲ್ಲರಂತೆ ಕಬಡ್ಡಿ ಆಡಿಕೊಂಡೇ ಇರುತ್ತಾನೆ. ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್‌ನಂಥ ಅನಿಲ ಅಥವಾ ಸಕ್ಸಿನೈಲ್‌ಕೋಲಿನ್ ಚುಚ್ಚುಮದ್ದು ಸೋಕಿದಾಗ ಬಾಗಿಲು ತೆರೆದೇ ಉಳಿದು, ಸ್ನಾಯುಗಳು ಆರಿಸದ ಒಲೆಯ ಹಾಗೆ ಉರಿಯತೊಡಗಬಹುದು. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಹಿಂದೊಮ್ಮೆ ಅರಿವಳಿಕೆ ಪಡೆದು ಏನೂ ಆಗದಿದ್ದವರಿಗೂ ಮುಂದಿನ ಸಲ ಆಗಬಹುದು.

ಒಮ್ಮೆ ಪಿಯುಸಿ ಹುಡುಗನೊಬ್ಬನ ಅಪೆಂಡಿಕ್ಸ್ ತೆಗೆಯುವ ಮುಂಚೆ ತಂದೆ, 'ಅಂಥದ್ದೇನೂ ಇಲ್ಲ' ಎಂದರು. ಮೂಲೆಯಲ್ಲಿದ್ದ ಅಜ್ಜಿ, 'ಯಾಕಿಲ್ಲ? ನಿನ್ನ ಚಿಕ್ಕಪ್ಪ ಹರ್ನಿಯಾ ಆಪರೇಷನ್‌ಗೆ ಅಂತ ಹೋದೋನು ವಾಪಸ್ಸು ಬಂದನೇನು? ಮೈ ಕೆಂಡ ಆಗಿತ್ತಂತೆ' ಎಂದರು. ಆ ಅನಿಲಗಳ ಗೊಡವೆಗೆ ಹೋಗದೆ, ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಕೆಲಸ ಮುಗಿಸಿದೆವು. ಚಿಕ್ಕಪ್ಪ ಸತ್ತದ್ದು ಇದರಿಂದಲೇ ಎನ್ನಲು ಯಾವ ಕಾಗದವೂ ಉಳಿದಿರಲಿಲ್ಲ. ಆದರೆ ಅಜ್ಜಿ ಕೊಟ್ಟ ಸುಳಿವನ್ನು ಆ ಸಂಜೆ ಯಾವ ರಕ್ತಪರೀಕ್ಷೆಯೂ ಕೊಡುತ್ತಿರಲಿಲ್ಲ.

ಹೆಸರಿನಲ್ಲಿ ಕಾವು ಇದೆಯೆಂದು ಮೈ ಬಿಸಿಯಾಗುವವರೆಗೆ ಕಾದು ಕುಳಿತರೆ ಕೆಟ್ಟಂತೆ. ಅದು ಎಷ್ಟೋ ಸಲ ತಡವಾಗಿ ಬರುತ್ತದೆ. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈ ಆಕ್ಸೈಡ್ ಕಾರಣವಿಲ್ಲದೆ ಏರುವುದು, ನಾಡಿ ಓಡುವುದು, ದವಡೆ ಸೆಟೆದುಕೊಳ್ಳುವುದು ಮೊದಲ ಸೂಚನೆಗಳು. ಕೂಡಲೇ ಅನಿಲ ನಿಲ್ಲಿಸಿ, ಬರೀ ಆಮ್ಲಜನಕ ಹರಿಸಿ, ಸಹಾಯಕ್ಕೆ ಜನ ಕರೆಯಬೇಕು. ಪ್ಯಾರಾಸಿಟಮಾಲ್ ಇಲ್ಲಿ ನಾಟುವುದಿಲ್ಲ. ಇದು ಜ್ವರವಲ್ಲ, ಸ್ನಾಯುವಿನ ಉರಿ. ಅದಕ್ಕೆ ಮದ್ದು ಡ್ಯಾಂಟ್ರೋಲಿನ್. ದಕ್ಷಿಣ ಆಫ್ರಿಕಾದ ಹ್ಯಾರಿಸನ್ 1975ರಲ್ಲಿ ಇದರ ಗುಣವನ್ನು ತೋರಿಸಿದ್ದು ಹಂದಿಗಳ ಮೇಲೆ. ಅವುಗಳ ಕೆಲವು ತಳಿಗಳಿಗೂ ಇದೇ ದೋಷವಿದೆ! ಮೊದಲು 10ರಲ್ಲಿ 7–8 ಮಂದಿ ಸಾಯುತ್ತಿದ್ದ ಈ ಕಾಯಿಲೆಯಲ್ಲಿ, ಮದ್ದು ಬೇಗ ಸಿಕ್ಕರೆ ಈಗ ಬಹುಪಾಲು ಜನ ಬದುಕುತ್ತಾರೆ. ಕೆಲಸವೇನೋ ಸುಲಭದ್ದಲ್ಲ. 50 ಕಿಲೋ ತೂಕದ ಹುಡುಗನಿಗೆ ಮೊದಲ ಸರದಿಗೇ 125 ಮಿಲಿಗ್ರಾಂ, ಎಂದರೆ ಹಳೆಯ ಬಗೆಯ 20 ಮಿಲಿಗ್ರಾಂ ಸೀಸೆಗಳಾದರೆ ಏಳು ಬೇಕು. ಪ್ರತಿಯೊಂದಕ್ಕೂ 60 ಮಿಲಿಲೀಟರ್ ಶುದ್ಧ ನೀರು ಸೇರಿಸಿ, ಪುಡಿ ಕರಗುವವರೆಗೆ ಕುಲುಕಬೇಕು. ಕುಲುಕುವುದಕ್ಕೇ ಇಬ್ಬರು ಬೇಕಾಗುತ್ತಾರೆ. ನಮ್ಮ ದೇಶದಲ್ಲಂತೂ ಈ ಮದ್ದು ಬಹುಕಾಲ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಜ್ಜಿಯರ ನೆನಪಿಗೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕೇ.

ಬದುಕಿ ಬಂದವನನ್ನು ಕನಿಷ್ಠ 24 ಗಂಟೆ ತೀವ್ರ ನಿಗಾ ಘಟಕದಲ್ಲಿ ಇಡುತ್ತೇವೆ, ಅದು ಮರುಕಳಿಸಬಹುದು. ಮನೆಗೆ ಕಳಿಸುವಾಗ ಯಾವ ಅನಿಲ, ಯಾವ ಚುಚ್ಚುಮದ್ದು ಕೂಡದೆಂದು ಬರೆದ ಚೀಟಿಯೊಂದನ್ನು ಕೊಡುತ್ತೇವೆ. ಅದರ ಪ್ರತಿ ಒಡಹುಟ್ಟಿದವರಿಗೆ, ಚಿಕ್ಕಪ್ಪ, ಸೋದರತ್ತೆಯರ ಮಕ್ಕಳಿಗೂ ತಲುಪಬೇಕು. ಮಗ ಊರು ಬಿಟ್ಟು ಹಾಸ್ಟೆಲ್ಲಿಗೆ ಹೊರಟಾಗ ಅಂಕಪಟ್ಟಿಗಳ ಫೈಲಿನಲ್ಲಿ ಅದೂ ಒಂದಿರಲಿ.