ಹದಿನಾಲ್ಕು ಅಕ್ಷರದ ಶಬ್ದ



ನಿನ್ನೆ ರಾತ್ರಿ ಮಗಳು ಸಮಾಜ ಪುಸ್ತಕ ಹಿಡ್ಕೊಂಡು ಬಂದು, "ಅಪ್ಪಾ, ಇದನ್ನ ಹ್ಯಾಂಗೆ ಓದೂದು?" ಅಂದಳು. ಇಂಗ್ಲಿಷ್ ಮೀಡಿಯಮ್ ಪುಸ್ತಕ. ಸಂವಿಧಾನದ 17ನೇ ವಿಧಿಯ ಶಬ್ದ: ಅನ್‌ಟಚಬಿಲಿಟಿ. ಆಫೀಸಿನಲ್ಲಿ ಟಪಾಲು ಟೈಪ್ ಮಾಡುವಾಗ ನಾನೇ ಇದರ ಸ್ಪೆಲ್ಲಿಂಗ್ ತಪ್ಪಿದ್ದುಂಟು.

"ಮುರಿದು ಓದು ಮಗಾ" ಅಂದೆ. ಬಾಯಲ್ಲಿ ಒಡೆದರೆ ಆರು ತುಂಡು: ಅನ್-ಟಚ್-ಅ-ಬಿಲ್-ಇ-ಟಿ. ಬರೆಯೋದು 14 ಅಕ್ಷರ, ಕಿವಿಗೆ ಬೀಳೋ ಧ್ವನಿ 12. 'ಟಚ್'ನಲ್ಲಿ ಓ, ಯು ಸೇರಿ ಒಂದೇ ಸ್ವರ. ಸಿ, ಎಚ್ ಸೇರಿ ಒಂದೇ 'ಚ್'. ಅರ್ಥ ನೋಡಿ ಒಡೆದರೆ ನಾಲ್ಕೇ: 'ಅನ್' ಅಂದ್ರೆ ಅಲ್ಲ, 'ಟಚ್' ಮುಟ್ಟು, 'ಏಬಲ್' ಆಗುವಂಥದ್ದು, 'ಇಟಿ' ನಮ್ಮ 'ತನ' ಇದ್ದ ಹಾಗೆ. 'ಇಟಿ' ಬಂದು ಸೇರಿದ ಕೂಡಲೇ 'ಏಬಲ್' ಹೋಗಿ 'ಅಬಿಲ್' ಆಗ್ತದೆ, ಮಕ್ಕಳು ಎಡವೋದು ಅಲ್ಲೇ. ನಮ್ಮ ಅಸ್ಪೃಶ್ಯತೆಯನ್ನೂ ಒಡೆದು ತೋರಿಸಿದೆ: ಅ, ಸ್ಪೃಶ್, ಯ, ತೆ. ಅದೇ ನಾಲ್ಕು, ಅದೇ ಸಾಲು.

"ಅಂದ್ರೆ ಮುಟ್ಟುಕೆ ಆಗ್ದೇ ಇರೂದು. ಕರೆಂಟ್ ತಂತಿ ಹಾಂಗಾ?"

ವ್ಯಾಕರಣ ಸರಿ. ನನಗೇ ಮಾತು ಹೊರಡಲಿಲ್ಲ.

ಅವಳ ವಯಸ್ಸಲ್ಲಿ ನಾನು ಇಡಗುಂಜಿ ಕಡೆಯ ಒಂದು ಮನೆಗೆ ಅಪ್ಪನ ಜೊತೆ ತೆಂಗಿನಕಾಯಿ ಹೊರಲು ಹೋಗ್ತಿದ್ದೆ. ನಾವು ಹೊತ್ತ ಕಾಯಿ ಸೀದಾ ಒಳಗೆ. ನಮಗೆ ನೀರು ಮಾತ್ರ ಅಂಗಳದಲ್ಲಿ, ಮೇಲಿಂದ ಬೊಗಸೆಗೆ. ಆ ಮನೆಯ ಕಾಯಿ, ಭತ್ತ, ಸೌದೆ ಎಲ್ಲಾ ನಮ್ಮ ಕೈ ಮುಟ್ಟಿದ್ದೇ. ಮುಟ್ಟುಕೆ ಆಗದ್ದು ಎಲ್ಲಿತ್ತು? ಮುಟ್ಟಗೊಡದೇ ಇದ್ದದ್ದು. ಆ 'ಏಬಲ್' ಅನ್ನೋ ತುಂಡೇ ಸುಳ್ಳು. ಯಾರು ಮಾಡಿದ್ದು ಅನ್ನೋದನ್ನ ಅದು ಮುಚ್ಚಿಡ್ತದೆ.

ಸಂವಿಧಾನ ಸಭೆ 1948ರ ನವೆಂಬರ್ 29ರಂದು ಈ ವಿಧಿಯನ್ನು ಒಪ್ಪಿತು. ಆದರೆ ಶಬ್ದಕ್ಕೆ ವ್ಯಾಖ್ಯೆ ಕೊಡಲಿಲ್ಲ, ಉದ್ಧರಣ ಚಿಹ್ನೆಯೊಳಗೆ ಇಟ್ಟಿತು. ಆ ಚಿಹ್ನೆಯನ್ನೇ ಹಿಡಿದು ನಮ್ಮ ಮೈಸೂರು ಹೈಕೋರ್ಟ್, ದೇವರಾಜಯ್ಯ ವಿರುದ್ಧ ಪದ್ಮಣ್ಣ ಕೇಸಿನಲ್ಲಿ (1958ರ ಎಐಆರ್‌ನಲ್ಲಿದೆ), ಇದಕ್ಕೆ ಅಕ್ಷರಾರ್ಥ ಹಿಡಿಯಬಾರದು, ಈ ದೇಶದಲ್ಲಿ ಬೆಳೆದುಬಂದ ಆಚರಣೆಯನ್ನೇ ನೋಡಬೇಕು ಅಂದಿತು. ನನ್ನ ಮುರಿದು ಓದುವ ಪಾಠ ಅಲ್ಲಿಗೆ ಮುಗೀತು.

ಇದನ್ನ ಮಗಳಿಗೆ ಹೇಳಿದೆ. ಅವಳು ನೋಟ್‌ಬುಕ್ಕಲ್ಲಿ ನಾಲ್ಕು ತುಂಡು ಬರೆದು, ಆಚೀಚೆ ಚಿಹ್ನೆ ಹಾಕಿ, "ಹಂಗಾರೆ ಆಚರಣೆ ಅಂದ್ರೆ ಎಂತದು?" ಅಂದಳು. ಬೊಗಸೆ ನೀರಿನ ಸುದ್ದಿ ಅವಳಿಗೆ ಇನ್ನೂ ಗೊತ್ತಿಲ್ಲ. ಭಾನುವಾರ ಹೇಳ್ತೆ ಅಂದಿದ್ದೇನೆ, ಅವಳ ಅಜ್ಜಿಯನ್ನೂ ಕೂರಿಸ್ಕೊಂಡು.