ಕೇರಿಯ ಲೆಕ್ಕ ಯಾರು ಬರೆದರು?

ಬ್ಯಾಂಕು, ಅಂಚೆ, ವಿಮೆ, ಪಿಂಚಣಿ ಜನರಿಗೆ ಎಷ್ಟು ಮುಟ್ಟಿವೆ ಎಂದು ಅಳೆದು ರಿಸರ್ವ್ ಬ್ಯಾಂಕು 2021ರಿಂದ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿದೆ. 2017ರ ಮಾರ್ಚಿಗೆ 43.4 ಇದ್ದದ್ದು 2025ರ ಮಾರ್ಚಿಗೆ 67ಕ್ಕೆ ಏರಿದೆ. ಈ ಲೆಕ್ಕದಲ್ಲಿ ಸೌಲಭ್ಯ ಹತ್ತಿರವಿರುವುದಕ್ಕೆ 35 ಪಾಲು, ಬಳಕೆಗೆ 45, ಗುಣಮಟ್ಟಕ್ಕೆ 20. ಇಡೀ ದೇಶಕ್ಕೆ ಒಂದೇ ಅಂಕ! ಅದರಲ್ಲಿ ರಾಯಚೂರು ಸೀಮೆಯ ನಮ್ಮ ಕೇರಿ ಎಲ್ಲಿದೆ?

ಲೆಕ್ಕಕ್ಕೆ ನಮ್ಮವ್ವನಿಗೂ ಜನಧನ ಖಾತೆಯಿದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಅದಕ್ಕೇ ಬೀಳುತ್ತದೆ. ಆದರೆ ಹತ್ತಿ ಬಿಡಿಸಿ, ಕಳೆ ಕಿತ್ತು ಆಕೆಯ ಹೆಬ್ಬೆಟ್ಟಿನ ಗೆರೆ ಸವೆದಿವೆ, ಮಷೀನು ಒಪ್ಪೋದಿಲ್ಲ. "ನಾಳಿ ಬಾ ಅಂತಾರಪಾ. ಇವತ್ತಿನ ಕೂಲಿ ಯಾರು ಕೊಡ್ತಾರ?" ಅಂತಾಳೆ. ಎಮ್ಮೆಗೆ ಸಾಲ ಕೇಳಿದರೆ ಜಾಮೀನು ತಾ ಅಂದರು. ತುಂಡು ಭೂಮಿ ಇಲ್ಲದವಳು ಏನು ತರಬೇಕು? ಮೈಕ್ರೋಫೈನಾನ್ಸಿನವರು ಮಾತ್ರ ವಾರವಾರ ಬಾಗಿಲಿಗೇ ಬರ್ತಾರೆ. ಅಂಥವರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯ್ತು.

ಗೆಳೆಯರೆ, ಹಳ್ಳಿಸಾಲಿ ಮಾಸ್ತರರೆ, ಕೇರಿ ಕೇರಿಗೂ ನಾವೇ ಲೆಕ್ಕ ಬರೆಯೋಣ: ದುಡ್ಡು ತೆಗೆಯಲು ಎಷ್ಟು ಸಲ ಅಲೆದರು, ಎಷ್ಟು ದಿನದ ಕೂಲಿ ಕಳಕೊಂಡರು, ಸಾಲ ಕೇಳಿ ಬರಿಗೈಲಿ ಬಂದವರು ಯಾವ ಜಾತಿಯವರು. ಆ ಪಟ್ಟಿ ಹಿಡಿದೇ ಜಿಲ್ಲೆಯ ಲೀಡ್ ಬ್ಯಾಂಕಿನ ಮುಂದೆ ಕೂರೋಣ.